ನಿಮ್ಮ ಮೋಟ್ ಏನು, ಮೇಸ್ತ್ರಿ?

"ವಾಟ್ ಈಸ್ ಯುವರ್ ಮೋಟ್?" ಎಂದು ಕೇಳಿದರು ಮೇಜಿನ ಆಚೆ ಕೂತ ಐವರಲ್ಲಿ ಒಬ್ಬರು.

ಮೇಸ್ತ್ರಿ ಒಮ್ಮೆ ನನ್ನ ಮುಖ ನೋಡಿದ. ನಾನು ಬಾಯಿ ಬಿಡುವಷ್ಟರಲ್ಲಿ ಬಲಗೈ ಎತ್ತಿ ತೋರುಬೆರಳು ತೋರಿಸಿದ. ಮೇಲಿನ ಗಿಣ್ಣೇ ಇಲ್ಲದ ಬೆರಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಪೀಣ್ಯದ ಶೆಡ್ಡೊಂದರಲ್ಲಿ ಪವರ್ ಪ್ರೆಸ್ ತಿಂದುಹಾಕಿದ್ದು. "ಇದೇ ಸಾರ್ ಮೋಟು. ಪ್ರೆಸ್ಸಲ್ಲಿ ಹೋಯ್ತು" ಅಂದ.

ಒಬ್ಬರು ನಕ್ಕರು. ಒಬ್ಬರು ಫೋನಿನಿಂದ ತಲೆ ಎತ್ತಲಿಲ್ಲ. ಮೂರನೆಯವರು ಗಡಿಯಾರ ನೋಡಿ "ಟೂ ಮಿನಿಟ್ಸ್" ಅಂದರು. ನಮಗೆ ಕೊಟ್ಟಿದ್ದು ಏಳು ನಿಮಿಷ. ಅದರಲ್ಲಿ ಐದು ನಿಮಿಷ ನನ್ನ ಮುರುಕು ಇಂಗ್ಲಿಷಿಗೆ ಹೋಗಿತ್ತು.

ಮೋಟ್ ಅಂದರೆ ಕೋಟೆಯ ಸುತ್ತ ತೋಡುವ ಕಂದಕ. ನಿನ್ನ ಸರಕನ್ನು ಬೇರೆಯವನು ನಕಲು ಮಾಡದ ಹಾಗೆ ಏನು ಅಡ್ಡ ಕಟ್ಟಿದ್ದೀಯ ಎನ್ನುವುದು ಪ್ರಶ್ನೆ. ಚಿತ್ರದುರ್ಗದ ಕೋಟೆ ಹತ್ತಿ ಇಳಿದವನಿಗೆ ಕಂದಕ ಗೊತ್ತು. ಕನ್ನಡದಲ್ಲಿ ಕೇಳಿದ್ದರೆ ಅವನು ಉತ್ತರ ಹೇಳುತ್ತಿದ್ದ. ಆ ಐವರಲ್ಲಿ ಮೂವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಟೀ ತಂದ ಹುಡುಗನ ಹತ್ತಿರ "ಸಕ್ಕರೆ ಬೇಡಪ್ಪ" ಅಂದದ್ದನ್ನು ನಾನೇ ಕೇಳಿದೆ. ಟೀ ತರುವವನಿಗೆ ಕನ್ನಡ, ಯಂತ್ರ ತಂದವನಿಗೆ ಇಂಗ್ಲಿಷ್.

ಅನುದಾನ ಕೇಳಲು ಹೋದದ್ದು ಯಾವ ಕಚೇರಿಗೆ, ಯಾವ ಯೋಜನೆಗೆ ಎಂಬುದು ಬೇಡ. ಹೆಸರು ಬರೆದರೆ ಅದೊಂದೇ ಕೆಟ್ಟದ್ದು, ಉಳಿದದ್ದೆಲ್ಲ ಚಿನ್ನ ಎಂದಾಗುತ್ತದೆ.

ಮೇಸ್ತ್ರಿ ತಂದದ್ದು ಅಡಿಕೆ ಸುಲಿಯುವ ಯಂತ್ರ. ಮಲೆನಾಡಿನ ಕೊಯ್ಲಿನ ದಿನಗಳನ್ನು ಕಂಡವರಿಗೆ ಗೊತ್ತು: ಹಗಲು ಕೊನೆ ಇಳಿಸುತ್ತಾರೆ, ರಾತ್ರಿ ಸುಲಿಯುತ್ತಾರೆ. ಸುಲಿಯುವವರು ಹೆಚ್ಚಿನಂಶ ಹೆಂಗಸರು. ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ಕೂತು, ಹಸಿ ಅಡಿಕೆಯನ್ನು ಕತ್ತಿಯ ಬಾಯಿಗೆ ಒತ್ತಿ, ಎರಡು ತಿರುವಿಗೆ ಸಿಪ್ಪೆ ಬಿಡಿಸಿ ಬೇಳೆಯನ್ನು ಡಬ್ಬಕ್ಕೆ ಎಸೆಯಬೇಕು. ಕೂಲಿ ಡಬ್ಬದ ಲೆಕ್ಕ. ನನ್ನವ್ವ ಇಪ್ಪತ್ತು ಕೊಯ್ಲು ಹಾಗೆ ಕೂತಳು. ಚೊಗರು ಹಿಡಿದ ಅವಳ ಅಂಗೈ ಬೇಸಗೆ ಬಂದರೂ ಬೆಳ್ಳಗಾಗುತ್ತಿರಲಿಲ್ಲ. ನನ್ನ ಮಾರ್ಕ್ಸ್ ಕಾರ್ಡಿಗೆ ಹೆಬ್ಬೆಟ್ಟು ಒತ್ತುವಾಗ ಮೇಷ್ಟ್ರು ಇಂಕಿನ ಪ್ಯಾಡ್ ಮುಂದೆ ತಳ್ಳುತ್ತಿದ್ದರು. ನನಗೋ ಆ ಬೆರಳಿಗೆ ಮತ್ತೆ ಮಸಿ ಯಾಕೆ ಅನ್ನಿಸುತ್ತಿತ್ತು. ಮೇಸ್ತ್ರಿಯ ಅಪ್ಪ ಕೂಡ ಅವ್ವ ಸುಲಿಯುತ್ತಿದ್ದ ತೋಟದ ಮನೆಯ ಅಂಗಳದಾಚೆ ನಿಂತು ಕೂಲಿ ಈಸಿಕೊಂಡವನು. ಕಾಸು ಮೇಲಿಂದ ಬೀಳುತ್ತಿತ್ತು, ಕೈಗೆ ಕೈ ತಾಗುತ್ತಿರಲಿಲ್ಲ.

ಸುಲಿಯುವ ಯಂತ್ರ ಪೇಟೆಯಲ್ಲಿ ಇಲ್ಲವೇ? ಇದೆ, ವರ್ಷಗಳಿಂದ ಇದೆ. ತೋಟದ ಯಜಮಾನರು ಕೊಂಡುಕೊಂಡರು, ಹೆಂಗಸರ ಡಬ್ಬ ನಿಂತಿತು. ನಡು ಬಗ್ಗುವುದು ತಪ್ಪಿತು ಎಂದು ಖುಷಿಪಡುವಂತಿರಲಿಲ್ಲ, ಅದರ ಜೊತೆಗೆ ರೊಕ್ಕವೂ ತಪ್ಪಿತ್ತು. ಮೇಸ್ತ್ರಿಯ ತಲೆಗೆ ಹೊಕ್ಕ ಹುಳ ಬೇರೆ. ನಾಲ್ಕು ಹೆಂಗಸರು ಸೇರಿ ಕೊಳ್ಳುವಷ್ಟು ಅಗ್ಗದ, ಲಗೇಜ್ ಆಟೋದಲ್ಲಿ ಹಾಕಿಕೊಂಡು ಮನೆಯಿಂದ ಮನೆಗೆ ಒಯ್ಯುವಷ್ಟು ಹಗುರದ, ಸಿಂಗಲ್ ಫೇಸಿನಲ್ಲಿ ಓಡುವ ಯಂತ್ರ ಮಾಡಬೇಕು. ಯಂತ್ರವೂ ಅವರದೇ, ಡಬ್ಬದ ಲೆಕ್ಕವೂ ಅವರದೇ.

ಹೇಳುವುದು ಸುಲಭ. ಎಲ್ಲ ಕಾಯಿ ಒಂದೇ ಗಾತ್ರ ಇರುವುದಿಲ್ಲ. ಸಣ್ಣ ಕಾಯಿ ಬ್ಲೇಡಿಗೆ ಸಿಗದೆ ಜಾರುತ್ತದೆ. ದಪ್ಪ ಕಾಯಿಯ ಬೇಳೆಗೆ ಬ್ಲೇಡ್ ತಾಗಿ ಗಾಯವಾಗುತ್ತದೆ. ಗಾಯದ ಅಡಿಕೆಗೆ ಮಂಡಿಯಲ್ಲಿ ರೇಟಿಲ್ಲ. ಅದಕ್ಕೆ ಬ್ಲೇಡನ್ನು ಒಂದು ಪಿವಟ್ ಪಿನ್ನಿನ ಮೇಲೆ ತಿರುಗುವಂತೆ ನಿಲ್ಲಿಸಿ, ಹಿಂದೆ ಸ್ಪ್ರಿಂಗ್ ಕೊಟ್ಟು, ಕಾಯಿ ದಪ್ಪವಿದ್ದರೆ ತಾನೇ ಹಿಂದೆ ಸರಿಯುವ ಹಾಗೆ ಮಾಡಬೇಕು. ಎಷ್ಟು ಬಿಗಿಯ ಸ್ಪ್ರಿಂಗ್? ಆ ಒಂದು ಪ್ರಶ್ನೆಗೆ ಎರಡು ಕೊಯ್ಲು ಹೋದವು. ಮೊಪೆಡ್ಡಿನ ಬ್ರೇಕ್ ಸ್ಪ್ರಿಂಗ್, ಹಳೇ ಬೈಕಿನ ಸ್ಟ್ಯಾಂಡ್ ಸ್ಪ್ರಿಂಗ್, ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ತಂದದ್ದು. ಹನ್ನೊಂದು ಸ್ಪ್ರಿಂಗ್ ಈಗಲೂ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿವೆ. ಪ್ರತಿಯೊಂದಕ್ಕೂ ದಾರ ಕಟ್ಟಿ ಬೀಡಿಕಟ್ಟಿನ ಕಾಗದದ ಚೂರು ಅಂಟಿಸಿದ್ದಾನೆ. ಅದರ ಮೇಲೆ ತಾರೀಖು, ಎಷ್ಟು ಕಾಯಿ ಹಾಕಿದ್ದು, ಎಷ್ಟು ಗಾಯ ಎಂದು ಬಾಲ್‌ಪೆನ್ನಿನ ಬರಹ.

ಬೆಂಗಳೂರಿನ ಯಾವುದಾದರೂ ಸಂಸ್ಥೆಯಲ್ಲಿ ಇದನ್ನು ಮಾಡಿದ್ದರೆ ಪ್ರಯೋಗ, ದತ್ತಾಂಶ, ಸಂಶೋಧನೆ ಅನ್ನುತ್ತಿದ್ದರು. ಶಿವಮೊಗ್ಗದ ತಗಡಿನ ಶೆಡ್ಡಿನಲ್ಲಿ ಮಾಡಿದರೆ ಗುಜರಿ.

ಅರ್ಜಿ ತುಂಬಿದವನು ನಾನು. ಆ ಪಾಪಕ್ಕೇ ಇಷ್ಟು ಬರೆಯುವ ಅಧಿಕಾರ ನನಗೆ ಬಂದದ್ದು. ಒಂದಲ್ಲ, ನಾಲ್ಕು ಬಾಗಿಲು ತಟ್ಟಿದೆವು. ಮೊದಲ ಬಾಗಿಲಲ್ಲಿ ಮೊದಲ ಕಾಲಂಗೇ ಮೇಸ್ತ್ರಿ ಹೊರಗೆ. "ಸಂಸ್ಥೆಯ ಸ್ವರೂಪ" ಅಂತ ಆ ಕಾಲಂ. 2016ರ ಜನವರಿಯಲ್ಲಿ ಸ್ಟಾರ್ಟಪ್ ಇಂಡಿಯಾ ಶುರುವಾದಂದಿನಿಂದ ಕೇಂದ್ರ ಸರ್ಕಾರದ ಕಣ್ಣಿಗೆ ಸ್ಟಾರ್ಟಪ್ ಅನ್ನಿಸಿಕೊಳ್ಳಬೇಕಾದರೆ ಪ್ರೈವೇಟ್ ಲಿಮಿಟೆಡ್ಡೋ, ಎಲ್‌ಎಲ್‌ಪಿಯೋ, ನೋಂದಾಯಿತ ಪಾಲುದಾರಿಕೆಯೋ ಅಂಥದ್ದೊಂದು ಆಗಿರಬೇಕು. ಒಬ್ಬನೇ ಮಾಲೀಕನ ಅಂಗಡಿ, ಅಂದರೆ ಪ್ರೊಪ್ರೈಟರ್‌ಶಿಪ್, ಲೆಕ್ಕಕ್ಕಿಲ್ಲ.

ಈಗ ಸರ್ಕಾರದ್ದೇ ಲೆಕ್ಕ ಕೇಳಿ. 2015-16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳು 6.3 ಕೋಟಿಗೂ ಹೆಚ್ಚು. ಅವುಗಳಲ್ಲಿ ನೂರಕ್ಕೆ 96 ಒಬ್ಬೊಬ್ಬರೇ ಮಾಲೀಕರಿರುವ ಅಂಗಡಿ, ಶೆಡ್ಡು, ಮಗ್ಗ, ಗರಡಿ. ಹಾಗಾದರೆ "ಹೊಸ ಯೋಚನೆಗೆ ಹಣ" ಎಂದು ಬೋರ್ಡು ಹಾಕಿದ ಮನೆಯ ಬಾಗಿಲಲ್ಲಿ ನೂರರಲ್ಲಿ ತೊಂಬತ್ತಾರು ಮಂದಿಯನ್ನು ಚಪ್ಪಲಿ ಬಿಡುವ ಜಾಗದಲ್ಲೇ ನಿಲ್ಲಿಸಿದ್ದಾರೆ. ನಮ್ಮವರಿಗೆ ಆ ಜಾಗ ಹೊಸದೇನಲ್ಲ.

ಕಂಪನಿ ಮಾಡಿಕೊಂಡರಾಯಿತಲ್ಲ, ಅಂದರು ಒಬ್ಬ ಆಡಿಟರ್. ಅವರು ಹೇಳಿದ ಶುಲ್ಕ ಕೇಳಿ ಮೇಸ್ತ್ರಿ, "ಅಷ್ಟಕ್ಕೆ ಒಂದು ಮೋಟರ್ ಬರುತ್ತೆ ಸಾರ್" ಅಂದ. ಕಂಪನಿ ಮಾಡಿದ ಮೇಲೆ ಸುಮ್ಮನಿರಲಾದೀತೇ? ವ್ಯಾಪಾರ ಆಗಲಿ ಬಿಡಲಿ, ವರ್ಷ ವರ್ಷ ಆಡಿಟ್ ಮಾಡಿಸಿ ರಿಟರ್ನ್ ಹಾಕಬೇಕು, ತಡವಾದರೆ ದಿನದ ಲೆಕ್ಕದಲ್ಲಿ ದಂಡ. ಸಂಶೋಧನೆಗೆ ಹಣ ಬರುವ ಮೊದಲೇ ಕಾಗದಕ್ಕೆ ಹಣ ಹೋಗುತ್ತದೆ. 2021ರಲ್ಲಿ 945 ಕೋಟಿ ಇಟ್ಟು ತಂದ ಸೀಡ್ ಫಂಡ್ ಯೋಜನೆಯಲ್ಲಿ ಮಾದರಿ ಮಾಡಲು 20 ಲಕ್ಷದವರೆಗೆ ಅನುದಾನ ಇಟ್ಟರು. ಅಲ್ಲಿ ಇನ್ನೊಂದು ಷರತ್ತು: ಅರ್ಜಿ ಹಾಕುವಾಗ ಸಂಸ್ಥೆ ಹುಟ್ಟಿ ಎರಡು ವರ್ಷ ದಾಟಿರಬಾರದು. ಮೇಸ್ತ್ರಿ ಕಬ್ಬಿಣ ಬಡಿಯಲು ಹಿಡಿದು ಹದಿನಾಲ್ಕು ವರ್ಷ. ಅನುಭವ ಇದೆ ಎಂಬುದೇ ಅವನ ಅನರ್ಹತೆ. ನಿನ್ನೆ ನೋಂದಣಿಯಾದ ಕಂಪನಿ, ಸುತ್ತಿಗೆ ಹಿಡಿದೇ ಇರದ ಕೈ, ಅದು ಹೊಸತನ.

ಆ 945 ಕೋಟಿಯಾದರೂ ನೇರವಾಗಿ ಮಾಡುವವನ ಕೈಗೆ ಬರುವುದಿಲ್ಲ. ನಡುವೆ ಇನ್ಕ್ಯುಬೇಟರ್ ಇದೆ. ಇನ್ಕ್ಯುಬೇಟರ್ ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಅಟಲ್ ಇನ್ಕ್ಯುಬೇಷನ್ ಕೇಂದ್ರ ಎಂಬ ಒಂದೊಂದು ಪೆಟ್ಟಿಗೆಗೆ ಐದು ವರ್ಷದಲ್ಲಿ 10 ಕೋಟಿಯವರೆಗೆ ಕೊಡುವ ಯೋಜನೆಯೂ ಇದೆ. ನಾನು ಕಂಡ ಒಂದು ಪೆಟ್ಟಿಗೆ ಇಂಜಿನಿಯರಿಂಗ್ ಕಾಲೇಜಿನ ಎರಡನೇ ಮಹಡಿಯಲ್ಲಿತ್ತು. ಗಾಜಿನ ಗೋಡೆ, ಕೂತರೆ ಏಳಲಾಗದ ಮೆತ್ತನೆ ಚೀಲದ ಕುರ್ಚಿ, ಗೋಡೆಗೆ ಸ್ಟೀವ್ ಜಾಬ್ಸ್. ಪ್ಲಾಸ್ಟಿಕ್ ಕವರ್ ಬಿಚ್ಚದ ಒಂದು ತ್ರೀಡಿ ಪ್ರಿಂಟರ್. ವೆಲ್ಡಿಂಗ್ ಮಾಡಲು ಜಾಗ ಎಲ್ಲಿ ಎಂದು ಮೇಸ್ತ್ರಿ ಕೇಳಿದ. ಫೈರ್ ಸೇಫ್ಟಿ ಇಲ್ಲ, ಇಲ್ಲಿ ಬಿಡುವುದಿಲ್ಲ ಅಂದರು. ಕಾವು ಕೊಡುವ ಮನೆಯಲ್ಲಿ ಬೆಂಕಿಗೆ ಜಾಗವಿಲ್ಲ!

ಒಬ್ಬ ಮನುಷ್ಯನ ಹೆಸರಲ್ಲಿ ಅರ್ಜಿ ಹಾಕಲು ಬಿಡುವ ಯೋಜನೆಗಳು ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಕೇಂದ್ರದ ಪ್ರಿಸಂ ಇದೆ. ಮಾದರಿಗೆ 10 ಲಕ್ಷದವರೆಗೆ ಕೊಡುವ ನಿಧಿ ಪ್ರಯಾಸ್ ಇದೆ. ಅವಲ್ಲದೆ ನಮ್ಮ ರಾಜ್ಯದ ಎಲಿವೇಟ್ 2017ರಿಂದ ನಡೆದಿದೆ, 50 ಲಕ್ಷದವರೆಗೆ ಕೊಡುತ್ತದೆ, ಬದಲಿಗೆ ಪಾಲು ಕೇಳುವುದಿಲ್ಲ. ಪರಿಶಿಷ್ಟರಿಗೆ ಉನ್ನತಿ ಎಂದೇ ಬೇರೆ ಸುತ್ತು ಮಾಡಿದ್ದಾರೆ, ಹೆಂಗಸರಿಗೆ, ಕಲ್ಯಾಣ ಕರ್ನಾಟಕಕ್ಕೆ ಬೇರೆ. ಅವುಗಳಿಂದ ಎದ್ದು ನಿಂತವರೂ ಇದ್ದಾರೆ, ಅವರ ಬೆವರಿಗೆ ನಾನು ಮಸಿ ಬಳಿಯುವುದಿಲ್ಲ. ನನ್ನ ಸಿಟ್ಟು ಯೋಜನೆ ಇಲ್ಲ ಎಂಬುದಕ್ಕಲ್ಲ. ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಆ ಫಾರಂ ಬರೆದರು ಎಂಬುದಕ್ಕೆ.

"ಸಣ್ಣ" ಎಂಬ ಪದವನ್ನೇ ನೋಡಿ. 2025ರ ಏಪ್ರಿಲ್‌ನಿಂದ ಯಂತ್ರೋಪಕರಣದ ಮೇಲೆ 25 ಕೋಟಿ ಹೂಡಿ, ವರ್ಷಕ್ಕೆ 100 ಕೋಟಿ ವಹಿವಾಟು ಮಾಡುವವನೂ ಸರ್ಕಾರಕ್ಕೆ ಸಣ್ಣವನೇ. ಎರಡೂವರೆ ಕೋಟಿ ಹೂಡಿದವನು ಸೂಕ್ಷ್ಮ. ಹಾರ್ಲಿಕ್ಸ್ ಬಾಟಲಿಯ ಮೇಸ್ತ್ರಿಯೂ ಸೂಕ್ಷ್ಮವೇ. ಒಂದೇ ಸಾಲು, ಒಂದೇ ಕಿಟಕಿ. ಯಾರ ಮೊಣಕೈ ಯಾರಿಗೆ ತಿವಿಯುತ್ತದೆ ಎಂದು ಕೇಳಬೇಕೆ?

ಈ ಸಣ್ಣವರ ಸಂಶೋಧನೆಗೆ ಸರ್ಕಾರ ಹಣ ಕೊಡುವ ವಿಚಾರ ನಮ್ಮದಲ್ಲ, ಅಮೆರಿಕದ್ದು. ಅಮೆರಿಕ ಕಂಡರೆ ನನಗೆ ಭಕ್ತಿಯೇನೂ ಇಲ್ಲ, ಆದರೂ ಈ ಒಂದು ಕತೆ ಕೇಳುವಂಥದ್ದು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ರೋಲಂಡ್ ಟಿಬೆಟ್ಸ್ ಎಂಬ ಅಧಿಕಾರಿ 1977ರಲ್ಲಿ ಒಂದು ಪ್ರಯೋಗ ಮಾಡಿದ. ದುಡ್ಡು ಹಾಕುವ ಸಾಹುಕಾರರು ಹತ್ತಿರವೂ ಸುಳಿಯದ ಹಂತ ಒಂದಿರುತ್ತದಲ್ಲ, ಯೋಚನೆ ಇದೆ, ಯಂತ್ರ ಇಲ್ಲ, ಓಡುತ್ತದೋ ಇಲ್ಲವೋ ದೇವರಿಗೇ ಗೊತ್ತು, ಅಂಥ ಹಂತದಲ್ಲಿ ಸರ್ಕಾರವೇ ಮೊದಲ ಹಣ ಕೊಡಬೇಕು ಎಂದ. 1982ರಲ್ಲಿ ಅದು ಎಸ್‌ಬಿಐಆರ್ ಎಂಬ ಯೋಜನೆಯಾಗಿ ಕಾನೂನಾಯಿತು. ಸಹಿ ಹಾಕಿದವನು ಸರ್ಕಾರ ಎಂದರೆ ಮೂಗು ಮುರಿಯುತ್ತಿದ್ದ ಅಧ್ಯಕ್ಷ ರೇಗನ್! ಹೊರಗಿನವರ ಸಂಶೋಧನೆಗೆ ವರ್ಷಕ್ಕೆ ಹತ್ತು ಕೋಟಿ ಡಾಲರಿಗೆ ಮೇಲ್ಪಟ್ಟು ಖರ್ಚು ಮಾಡುವ ಯಾವ ಇಲಾಖೆಯೇ ಆಗಲಿ, ರಕ್ಷಣೆಯಿರಲಿ ಆರೋಗ್ಯವಿರಲಿ, ಅದರಲ್ಲಿ ಇಷ್ಟು ಪಾಲು ಸಣ್ಣ ಉದ್ದಿಮೆಗೆ ತೆಗೆದಿಡಲೇಬೇಕು ಎಂದಿತು. ನೂರಕ್ಕೆ ಕಾಲು ಡಾಲರೂ ಇಲ್ಲದೆ ಶುರುವಾದದ್ದು 3.2ಕ್ಕೆ ಏರಿತು. ಕ್ವಾಲ್‌ಕಾಮ್ ಚಿಕ್ಕ ಕಂಪನಿಯಾಗಿದ್ದಾಗ ಆ ಹಣ ತಿಂದೇ ಬೆಳೆದದ್ದು.

ಅಲ್ಲಿ ಇನ್ನೊಂದು ಗುಟ್ಟಿದೆ. ಮೊದಲ ಹಂತದಲ್ಲಿ ಆಗುತ್ತದೋ ನೋಡು ಎಂದು ಸ್ವಲ್ಪ ಹಣ, ಎರಡನೆಯದರಲ್ಲಿ ಮಾಡು ಎಂದು ದೊಡ್ಡ ಹಣ. ಮೂರನೆಯ ಹಂತದಲ್ಲಿ ಯೋಜನೆಯ ಹಣವಿಲ್ಲ, ಆದರೆ ಆ ಸರಕನ್ನು ಸರ್ಕಾರ ಮತ್ತೆ ಟೆಂಡರ್ ಕರೆಯದೆ ನೇರವಾಗಿ ಕೊಳ್ಳಬಹುದು.

ನಾವು ಇದರ ಹೆಸರನ್ನು ಮಾತ್ರ ಚೆನ್ನಾಗಿ ತಂದೆವು. 2005ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ತಂದ ಎಸ್‌ಬಿಐಆರ್‌ಐಗೂ ಅಮೆರಿಕದ ಎಸ್‌ಬಿಐಆರ್‌ಗೂ ಒಂದೇ ಅಕ್ಷರದ ಅಂತರ. 2012ರಲ್ಲಿ ಅದೇ ಇಲಾಖೆಯ ಬೈರಾಕ್ ಸಂಸ್ಥೆ ಬಂತು, ಅದರ ಬಿಗ್ ಅನುದಾನ 50 ಲಕ್ಷದವರೆಗೆ. ಜೈವಿಕ ತಂತ್ರಜ್ಞಾನದವರಿಗೆ ಅದು ನಿಜವಾಗಿ ಆಸರೆಯಾಯಿತು, ಒಪ್ಪುತ್ತೇನೆ. ಆದರೆ "ಪ್ರತಿ ಇಲಾಖೆಯೂ ತನ್ನ ಸಂಶೋಧನೆಯ ಹಣದಲ್ಲಿ ಇಷ್ಟು ಪಾಲು ಸಣ್ಣವರಿಗೆ ಇಡಲೇಬೇಕು" ಎಂಬ ಕಾನೂನು, ಆ "ಲೇಬೇಕು" ಎಂಬ ಮೂರಕ್ಷರ, ದಿಲ್ಲಿಯ ವಿಮಾನ ನಿಲ್ದಾಣದಲ್ಲೇ ಕಳೆದುಹೋಯಿತು. ಇಲ್ಲಿ ಕೊಟ್ಟರೆ ಕೃಪೆ, ಕೊಡದಿದ್ದರೆ ನಿನ್ನ ಹಣೆಬರಹ.

ಕೊಳ್ಳುವ ವಿಷಯಕ್ಕೆ ಬಂದರೆ ನಮ್ಮಲ್ಲೂ ನಿಯಮ ಇದೆ. ಕೇಂದ್ರ ಸರ್ಕಾರದ ಇಲಾಖೆ, ಕಾರ್ಖಾನೆಗಳು ತಮ್ಮ ಖರೀದಿಯಲ್ಲಿ ನೂರಕ್ಕೆ 25 ಸೂಕ್ಷ್ಮ, ಸಣ್ಣ ಉದ್ದಿಮೆಗಳಿಂದ, ಅದರೊಳಗೆ 4 ಪರಿಶಿಷ್ಟ ಜಾತಿ, ಪಂಗಡದವರಿಂದ, 3 ಹೆಂಗಸರಿಂದ ಮಾಡಬೇಕು. 25 ದಾಟಿದೆವು ಎಂದು ಡಂಗುರ ಸಾರುತ್ತಾರೆ. ಆ 4ರ ಹತ್ತಿರಕ್ಕೂ ಹೋಗಲಾಗಿಲ್ಲ. ಯಾಕೆ ಎಂದರೆ "ಯೋಗ್ಯ ಪೂರೈಕೆದಾರರು ಸಿಗುವುದಿಲ್ಲ". ಈ ಮಾತನ್ನು ನಾನು ಮೊದಲು ಕೇಳಿದ್ದು ನನ್ನಕ್ಕನ ಕೆಲಸದ ಸಂದರ್ಶನದಲ್ಲಿ. ಆಗ ಅದು "ಯೋಗ್ಯ ಅಭ್ಯರ್ಥಿ ಸಿಕ್ಕಿಲ್ಲ" ಎಂದಿತ್ತು.

ಹಣವೇ ಇಲ್ಲ ಎನ್ನುತ್ತೀರಾ? ಈ ದೇಶ ಸಂಶೋಧನೆಗೆ ಒಟ್ಟು ಆದಾಯದ ನೂರಕ್ಕೆ 0.64 ಖರ್ಚು ಮಾಡುತ್ತದೆ, ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಆ ಪುಡಿಕಾಸಿನಲ್ಲೂ ಯಾರಿಗೆ ಏನು ಸಿಕ್ಕಿತು ನೋಡಿ. ದೊಡ್ಡ ಕಂಪನಿಗಳು ತಮ್ಮೊಳಗೆ ಸಂಶೋಧನಾ ಘಟಕ ಇಟ್ಟು, ದಿಲ್ಲಿಯ ಇಲಾಖೆಯಿಂದ ಮುದ್ರೆ ಹಾಕಿಸಿಕೊಂಡರೆ, ಮಾಡಿದ ಖರ್ಚಿನ ಎರಡರಷ್ಟನ್ನು ಆದಾಯದಿಂದ ಕಳೆದು ತೆರಿಗೆ ಉಳಿಸಬಹುದಿತ್ತು. 2017ರಲ್ಲಿ ಅದು ಒಂದೂವರೆ ಪಟ್ಟಾಯಿತು, 2020ರಲ್ಲಿ ಒಂದೇ ಪಟ್ಟು. ಅಲ್ಲಿಯವರೆಗೂ ಅದು ಕಂಪನಿಗಳಿಗೆ ಕೊಟ್ಟ ಅನುದಾನವೇ ತಾನೆ? ಅವರು ಅದಕ್ಕೆ ಏಳು ನಿಮಿಷ ನಿಂತು ಮಾತಾಡಬೇಕಿರಲಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಒಂದು ಸಾಲು ತುಂಬಿದರೆ ಮುಗಿಯಿತು. ಲಾಭವೇ ಇಲ್ಲದ ಶೆಡ್ಡಿನವನು ಯಾವ ಆದಾಯದಿಂದ ಏನನ್ನು ಕಳೆಯಬೇಕು?

ಇನ್ನೊಂದು ಹಳೆಯ ಕತೆ ಇದೆ, ಮರೆತವರೇ ಹೆಚ್ಚು. 1986ರಲ್ಲಿ ಒಂದು ಸೆಸ್ ಹಾಕಿದರು. ವಿದೇಶದಿಂದ ತಂತ್ರಜ್ಞಾನ ಕೊಂಡು ತರುವವರು ಅದರ ಮೇಲೆ ನೂರಕ್ಕೆ 5ರವರೆಗೆ ಕಟ್ಟಬೇಕು, ಆ ಹಣ ದೇಶದೊಳಗಿನ ತಂತ್ರಜ್ಞಾನ ಬೆಳೆಸಲು. 1996ರಲ್ಲಿ ಅದಕ್ಕೆಂದೇ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ಬಂತು. ಸೆಸ್ ವರ್ಷ ವರ್ಷ ಸೇರಿ ಸಾವಿರಾರು ಕೋಟಿಯಾಯಿತು. ಮಂಡಳಿಗೆ ತಲುಪಿದ್ದು ಅದರಲ್ಲಿ ಚಿಲ್ಲರೆ. ಉಳಿದ ದೊಡ್ಡ ಪಾಲು ಸರ್ಕಾರದ ಬೊಕ್ಕಸದ ಹೊಟ್ಟೆಯಲ್ಲೇ ಕರಗಿತು ಎಂದು ಮಹಾಲೇಖಪಾಲರೇ ಎತ್ತಿ ತೋರಿಸಿದರು. 2017ರಲ್ಲಿ ಸೆಸ್ಸನ್ನೇ ತೆಗೆದರು. ಹಣ ಎಲ್ಲಿ ಎಂದು ಯಾರೂ ವಿಧಾನಸೌಧದ ಮುಂದೆ ಕೂರಲಿಲ್ಲ. ಕೂರಬೇಕಾದವರಿಗೆ ಇಂಥದ್ದೊಂದು ಹಣ ಇತ್ತು ಎಂಬುದೇ ಗೊತ್ತಿರಲಿಲ್ಲ.

ಈಗ ಬಂದಿರುವುದು ಒಂದು ಲಕ್ಷ ಕೋಟಿ. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿ. ಪತ್ರಿಕೆಗಳ ಮುಖಪುಟ ನೋಡಿ ಮೇಸ್ತ್ರಿ ನನಗೆ ಫೋನ್ ಮಾಡಿದ್ದ. "ಒಂದು ಲಕ್ಷ ಕೋಟಿಯಂತೆ ಕಣೋ, ನಮಗೊಂದು ಲಕ್ಷ ಬರಲ್ವಾ?" ಓದಿ ನೋಡಿದೆ. ಅದು ಅನುದಾನವಲ್ಲ, ಬಹುಪಾಲು ದೀರ್ಘಾವಧಿಯ ಸಾಲ. ಬಡ್ಡಿ ಕಡಿಮೆ ಅಥವಾ ಇಲ್ಲವೇ ಇಲ್ಲ. ಸಿಗುವುದು ತಂತ್ರಜ್ಞಾನ ನಾಲ್ಕನೇ ಮೆಟ್ಟಿಲು ಹತ್ತಿದ ಮೇಲೆ. ಟಿಆರ್‌ಎಲ್ ಎಂದು ಒಂದರಿಂದ ಒಂಬತ್ತರವರೆಗಿನ ಅಳತೆಗೋಲಿದೆ, ಅದರ ನಾಲ್ಕು ಅಂದರೆ ಪ್ರಯೋಗಾಲಯದಲ್ಲಿ ಓಡಿಸಿ ತೋರಿಸಿದ್ದು. ನಾಲ್ಕರ ಕೆಳಗೆ ಇರುವುದೇ ಹಾರ್ಲಿಕ್ಸ್ ಬಾಟಲಿ. ಹನ್ನೊಂದು ಸ್ಪ್ರಿಂಗ್ ಸೋಲುವ ಜಾಗ ಅದು. ಅದನ್ನು ದಾಟಿ ಬಾ, ಆಮೇಲೆ ಬಡ್ಡಿಯಿಲ್ಲದೆ ಕೊಡುತ್ತೇನೆ ಎನ್ನುತ್ತದೆ ಸರ್ಕಾರ. ಹೊಳೆ ದಾಟಿದವನಿಗೆ ಅಂಬಿಗ.

ನಿಜ ಹೇಳಬೇಕೆಂದರೆ ಅನುದಾನ ಎಂಬುದು ಹಣವೇ ಅಲ್ಲ. ಸೋಲಲು ಕೊಡುವ ಪರವಾನಗಿ. ಅನುದಾನ ತೆಗೆದುಕೊಂಡು ಮಾಡಿದ ಪ್ರಯೋಗ ಕೈಕೊಟ್ಟರೆ ಲೆಕ್ಕ ಒಪ್ಪಿಸಿ, ವರದಿ ಬರೆದು, ಅಂಗಿ ಕೊಡವಿ ಎದ್ದು ಹೋಗಬಹುದು. ಮುಂದಿನ ಅರ್ಜಿಯಲ್ಲಿ ಅದು ಅನುಭವ ಎಂದಾಗುತ್ತದೆ. ಬೆಂಗಳೂರಿನ ಹುಡುಗರು "ನನ್ನ ಮೊದಲ ಸ್ಟಾರ್ಟಪ್ ಮುಳುಗಿತು, ಏನೇನು ಕಲಿತೆ" ಎಂದು ಫೋಟೋ ಸಮೇತ ಬರೆಯುತ್ತಾರೆ, ಚಪ್ಪಾಳೆ ಬೀಳುತ್ತದೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸೋಲು ಎಲ್ಲರ ಹಕ್ಕಾಗಿರಬೇಕಿತ್ತು.

ಮೇಸ್ತ್ರಿಗೆ ಸಿಕ್ಕಿದ್ದು ಮುದ್ರಾ. 2015ರಿಂದ ಇರುವ ಸಾಲ, ಆಗ ಹತ್ತು ಲಕ್ಷದವರೆಗೆ ಇತ್ತು, 2024ರಲ್ಲಿ ಹಿಂದಿನದನ್ನು ತೀರಿಸಿದವರಿಗೆ ಇಪ್ಪತ್ತರವರೆಗೆ ಮಾಡಿದರು. ಅವನು ತೆಗೆದದ್ದು ಮೂರು ಲಕ್ಷ. ಜಾಮೀನು ಬೇಡ ಎನ್ನುವುದು ಜಾಹೀರಾತು. ಬ್ಯಾಂಕಿನಲ್ಲಿ ಯಂತ್ರ ಮಾಡುತ್ತೇನೆ ಎಂದು ಹೇಳಬಾರದು ಎಂದು ನಾನೇ ಹೇಳಿಕೊಟ್ಟೆ, ವೆಲ್ಡಿಂಗ್ ಶಾಪ್ ದೊಡ್ಡದು ಮಾಡುತ್ತೇನೆ ಅನ್ನು ಎಂದೆ. ಸಂಶೋಧನೆ ಎಂದರೆ ಮ್ಯಾನೇಜರ್ ಹೆದರುತ್ತಾರೆ. ಅವರ ತಪ್ಪಲ್ಲ. ಪ್ರಯೋಗಕ್ಕೆ ಕಂತು ಗೊತ್ತಿಲ್ಲ, ಐದನೇ ತಾರೀಖು ಗೊತ್ತಿಲ್ಲ. ಏಳನೇ ಸ್ಪ್ರಿಂಗ್ ಮುರಿದ ತಿಂಗಳು ಕಂತು ತಪ್ಪಿತು. ಎಂಟನೇ ಸ್ಪ್ರಿಂಗ್ ಹಾಕುವ ದಿನ ಬ್ಯಾಂಕಿನ ವಸೂಲಿಯವನು ಶೆಡ್ಡಿನ ಬಾಗಿಲಲ್ಲಿ ಬೈಕ್ ನಿಲ್ಲಿಸಿ, ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಕೇಳಿಸುವ ಹಾಗೆ ಮಾತಾಡಿದ. ಮೇಸ್ತ್ರಿಯ ಹೆಂಡತಿ ಓಲೆ ಬಿಚ್ಚಿಕೊಟ್ಟಳು. ಒಂಬತ್ತು, ಹತ್ತು, ಹನ್ನೊಂದನೇ ಸ್ಪ್ರಿಂಗ್ ಆ ಓಲೆಯಿಂದ ಆದದ್ದು. ಯಾವ ಪಟ್ಟಿಯಲ್ಲಿ ಆಕೆಯನ್ನು ಹೂಡಿಕೆದಾರಳು ಎಂದು ಬರೆದಿದ್ದಾರೆ?

ಒಂದೇ ಸರ್ಕಾರ. ಒಬ್ಬನಿಗೆ ಅನುದಾನ, ಇನ್ನೊಬ್ಬನಿಗೆ ಸಾಲ. ಅನುದಾನ ಪಡೆದವನು ನವೋದ್ಯಮಿ, ಸಾಲ ಪಡೆದವನು ಫಲಾನುಭವಿ. ನವೋದ್ಯಮಿಗೆ ಮುಖ್ಯಮಂತ್ರಿಗಳ ಪಕ್ಕ ಕುರ್ಚಿ. ಫಲಾನುಭವಿಗೆ ಶಾಮಿಯಾನದಲ್ಲಿ ಬೆಳಿಗ್ಗೆ ಎಂಟಕ್ಕೆ ಹಾಜರಿ, ಚೆಕ್ಕಿನ ದೊಡ್ಡ ರಟ್ಟು ಹಿಡಿದು ಫೋಟೋ, ಪೊಟ್ಟಣದಲ್ಲಿ ಉಪ್ಪಿಟ್ಟು.

ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ: ಆ 6.3 ಕೋಟಿಯಲ್ಲಿ ಪರಿಶಿಷ್ಟ ಜಾತಿಯವರ ಉದ್ದಿಮೆ ನೂರಕ್ಕೆ 12ರ ಆಸುಪಾಸು, ಪಂಗಡದವರದು 4, ಹಿಂದುಳಿದವರದು ಸರಿಸುಮಾರು ಅರ್ಧ. ಈ ದೇಶದ ಚರ್ಮ ಹದ ಮಾಡಿದ್ದು, ಕಬ್ಬಿಣ ಕಾಯಿಸಿದ್ದು, ಮಡಕೆಗೆ ಮಣ್ಣು ಕಲಸಿದ್ದು, ಮಗ್ಗಕ್ಕೆ ಅಚ್ಚು ಕಟ್ಟಿದ್ದು ಯಾರು? ತಂಗಡಿ ತೊಗಟೆಯಲ್ಲಿ ಎಷ್ಟು ದಿನ ನೆನೆದರೆ ತೊಗಲು ಹದವಾಗುತ್ತದೆ ಎಂದು ತಿಳಿಯಲು ತಲೆಮಾರುಗಳ ಪ್ರಯೋಗ ಬೇಕಾಯಿತು. ಅದಕ್ಕೆ ಸಿಕ್ಕ ಅನುದಾನ ಅಸ್ಪೃಶ್ಯತೆ. 2025ರಲ್ಲಿ ಇಟಲಿಯ ಪ್ರಾಡಾ ನಮ್ಮ ಅಥಣಿ, ನಿಪ್ಪಾಣಿ ಕಡೆಯವರೂ ಮಾಡುವ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಮಿಲಾನಿನಲ್ಲಿ ಮೆರೆಸಿದಾಗ ಎಲ್ಲರಿಗೂ ಒಮ್ಮೆಲೇ ನೆನಪಾಯಿತು, ಅದು ನಮ್ಮ ಕಲೆ, ನಮ್ಮ ಪರಂಪರೆ. ಆ ಪರಂಪರೆಯ ಕೇರಿಗೆ ಈ ಮಾತಾಡಿದವರಲ್ಲಿ ಎಷ್ಟು ಮಂದಿ ಕಾಲಿಟ್ಟಿದ್ದರೋ. ಕಲೆ ಎನ್ನುತ್ತಾರೆ, ಪರಂಪರೆ ಎನ್ನುತ್ತಾರೆ. ತಂತ್ರಜ್ಞಾನ ಎಂಬ ಪದ ಮಾತ್ರ ಅವರ ಬಾಯಿಂದ ಹೊರಡುವುದಿಲ್ಲ, ಹೊರಟರೆ ಹಣ ಕೊಡಬೇಕಾಗುತ್ತದೆ.

ಸರ್ಕಾರಕ್ಕೆ ಇದು ತಿಳಿಯದ ವಿದ್ಯೆ ಎಂದೂ ಅಲ್ಲ. ರಾಜರನ್ನು ಹೊಗಳುವುದು ನನ್ನ ಜಾಯಮಾನಕ್ಕೆ ಒಗ್ಗದು, ಆದರೂ ಹೇಳಲೇಬೇಕು. ಮೊದಲ ಮಹಾಯುದ್ಧ ಬಂದು ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು, ಮರ ರಾಶಿ ಬಿತ್ತು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಣ್ಣೆ ತೆಗೆಯುವ ಪ್ರಯೋಗ ನಡೆಯಿತು. 1916ರಲ್ಲಿ ಎಣ್ಣೆ ಕಾರ್ಖಾನೆ, 1918ರಲ್ಲಿ ಸಾಬೂನು ಕಾರ್ಖಾನೆ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸರ್ಕಾರವೇ ಇಂಗ್ಲೆಂಡಿಗೆ ಕಳಿಸಿ ಕಲಿಸಿತು. ಶಾಸ್ತ್ರಿಗಳಿಗೆ ಕೊಟ್ಟದ್ದು ಸಾಲವಲ್ಲ. ಸಾಬೂನು ನೊರೆ ಬರದಿದ್ದರೆ ಮನೆಯ ಓಲೆ ಅಡವಿಡು ಎಂದು ಯಾರೂ ಹೇಳಲಿಲ್ಲ. ನೂರು ವರ್ಷದ ಹಿಂದೆ ಒಬ್ಬ ಶಾಸ್ತ್ರಿಯ ಮೇಲೆ ಇಟ್ಟ ನಂಬಿಕೆಯನ್ನು ಇವತ್ತು ಒಬ್ಬ ಮೇಸ್ತ್ರಿಯ ಮೇಲೆ ಇಡಲು ಪ್ರಜಾಪ್ರಭುತ್ವಕ್ಕೆ ಏನು ರೋಗ?

ನಮ್ಮ ಅರ್ಜಿಗೆ ಉತ್ತರ ಎರಡು ತಿಂಗಳ ಮೇಲೆ ಇಮೇಲಿನಲ್ಲಿ ಬಂತು. "ಇಂಥ ಯಂತ್ರಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ನಾವೀನ್ಯದ ಅಂಶ ಕಡಿಮೆ." ಯಂತ್ರ ಹಳೆಯದು, ನಿಜ. ಯಂತ್ರದ ಒಡತಿ ಹೊಸಬಳು ಎಂಬುದನ್ನು ನಾನು ಏಳನೇ ಸ್ಲೈಡಿನಲ್ಲಿ ಬರೆದಿದ್ದೆ. ಏಳನೇ ಸ್ಲೈಡ್ ಬರುವ ಮೊದಲೇ ಗಂಟೆ ಹೊಡೆದಿತ್ತು.

ಇಮೇಲ್ ಓದಿ ಹೇಳಲು ಶೆಡ್ಡಿಗೆ ಹೋದೆ. ಕೊಯ್ಲು ಶುರುವಾಗಿತ್ತು. ಪಕ್ಕದ ಹಳ್ಳಿಯಿಂದ ಮೂವರು ಹೆಂಗಸರು ಬಂದು ಯಂತ್ರದ ಪಕ್ಕ ಕಾಲು ಚಾಚಿ ಕೂತಿದ್ದರು. ಅವರಲ್ಲೊಬ್ಬಳು ಕಾಯಿ ಹಾಕುತ್ತಿದ್ದಳು, ಬೇಳೆ ಟಪಟಪ ಬುಟ್ಟಿಗೆ ಬೀಳುತ್ತಿತ್ತು. ಆಕೆ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ಗಾಯ ನೋಡುತ್ತಿದ್ದಳು. ಸುಲಿತದಲ್ಲೇ ಕೂದಲು ನರೆತ ಹೆಂಗಸು. ನಾನು ಕಂಡ ಜ್ಯೂರಿಗಳಲ್ಲೆಲ್ಲ ಬಲ್ಲವಳು ಅವಳೇ.

ಮೇಸ್ತ್ರಿ ಇಮೇಲಿನ ಬಗ್ಗೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಫಾರಮ್ಮಲ್ಲಿ ಒಂದು ಕಾಲಂ ಇತ್ತಲ್ಲೋ, ನಿಮ್ಮ ಯೋಜನೆ ಸೋತರೆ ಏನು ಮಾಡ್ತೀರಿ ಅಂತ. ಅದಕ್ಕೆ ಏನು ಬರೆದಿದ್ದೆ?"

"ಪಿವಟ್ ಮಾಡ್ತೀವಿ ಅಂತ ಬರೆದಿದ್ದೆ. ಎಲ್ಲರೂ ಹಾಗೇ ಬರೀತಾರೆ."

"ಪಿವಟ್ಟಾ?" ಎಂದು ಯಂತ್ರ ನಿಲ್ಲಿಸಿದ. ಬ್ಲೇಡಿನ ಹಿಂದೆ ಮೋಟು ಬೆರಳು ತೂರಿಸಿ ಅಲ್ಲಾಡಿಸಿ ನೋಡಿದ. "ಹೌದು ಮಾರಾಯ, ಸವೆದಿದೆ. ಆಟ ಬಂದಿದೆ ನೋಡು. ಬಸ್‌ಸ್ಟ್ಯಾಂಡ್ ಕಡೆ ಹೋಗ್ತೀಯಲ್ಲ, ಹನ್ನೆರಡು ಎಂಎಂದು ಒಂದು ಪಿನ್ ತಂದ್ಬಿಡು. ದುಡ್ಡು ನಾಳೆ ಕೊಡ್ತೀನಿ."